ತಾರಸಿಯಲ್ಲೊಂದು 1090: ವಿಮಾನದ ಸಂಕೇತ ಹಿಡಿಯಲು ನಾನು ಮಾಡಿಕೊಂಡ ಏರ್ಪಾಡು

ವಿಮಾನ ತಾನಿರುವ ಜಾಗ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ತಾನೇ ಸಾರಿಕೊಂಡು ಹೋಗುತ್ತದೆ. ಎಡಿಎಸ್-ಬಿ ಅನ್ನುವುದು ಇದಕ್ಕೇ. ಜಾಗದ ಸಂದೇಶ ಸೆಕೆಂಡಿಗೆ ಸುಮಾರು ಎರಡು ಸಲ ಹೊರಡುತ್ತದೆ, ಒಂದೊಂದೂ 120 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ, ಗುಪ್ತಲಿಪಿಯ ಗೋಜಿಲ್ಲ. ಅದನ್ನು ಹಿಡಿಯುವ ಸಾಮಾನು, ಕಂಬವೊಂದನ್ನು ಬಿಟ್ಟರೆ, ಒಂದು ಕೈಚೀಲದಷ್ಟು.

ಬೆಂಗಳೂರಿನ ಮೂರಂತಸ್ತಿನ ಮನೆಯ ತಾರಸಿಗೆ ನಾನು ಬಳಸಿದ್ದು ಇಷ್ಟು: ಆರ್‌ಟಿಎಲ್2832ಯು ಚಿಪ್ಪು, ಆರ್820ಟಿ2 ಟ್ಯೂನರ್ ಇರುವ ಯುಎಸ್‌ಬಿ ಡಾಂಗಲ್, ಅಂದರೆ ರೇಡಿಯೋ ಸಂಕೇತ ಹಿಡಿಯುವ ಕಡ್ಡಿ (ಬಯಾಸ್-ಟೀ, ಅಂದರೆ ಆಂಟೆನಾ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ಸೌಲಭ್ಯ ಇರುವಂಥದ್ದು), ರಾಸ್ಪ್‌ಬೆರಿ ಪೈ 3ಬಿ ಅನ್ನುವ ಪುಟ್ಟ ಕಂಪ್ಯೂಟರು, 16 ಜಿಬಿ ಮೆಮೊರಿ ಕಾರ್ಡು, 1090ರ ಫಿಲ್ಟರ್ (ಬೇರೆ ತರಂಗಗಳನ್ನು ತಡೆಯುವಂಥದ್ದು) ಒಳಗೇ ಇರುವ ಪುಟ್ಟ ಆಂಪ್ಲಿಫೈಯರ್, ಆರ್‌ಜಿ-6 ಕೇಬಲ್ 6 ಮೀಟರ್, ನಾಲ್ಕು ತೂತಿನ ಎನ್-ಟೈಪ್ ಸಾಕೆಟ್, ಅರ್ಧ ಮೀಟರ್ ಗಟ್ಟಿ ತಾಮ್ರದ ತಂತಿ, 3 ಮೀಟರಿನ ಒಂದಿಂಚು ಜಿಐ ಪೈಪು. ಡಾಂಗಲ್, ಆಂಪ್ಲಿಫೈಯರ್ ಎರಡನ್ನೂ ಆನ್‌ಲೈನಿನಲ್ಲಿ ತರಿಸಿದೆ. ಕನೆಕ್ಟರು, ಅಡಾಪ್ಟರು, ಕೇಬಲ್ಲು ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯವು.

ಹೊಸಬರು ಮೊದಲು ದುಡ್ಡು ಹಾಕುವುದು ಉದ್ದನೆಯ ಆಂಟೆನಾಕ್ಕೆ. ನನ್ನ ಪ್ರಕಾರ ಅದು ಕಟ್ಟಕಡೆಯ ಖರ್ಚು. ಮೊದಲು ಜಾಗ, ಆಮೇಲೆ ಕೇಬಲ್ಲಿನ ಉದ್ದ, ಅದಾದ ಮೇಲೆ ಫಿಲ್ಟರು.

ಜಾಗದ ಲೆಕ್ಕ ಸುಲಭ. ರೇಡಿಯೋ ದಿಗಂತ, ಅಂದರೆ ಭೂಮಿಯ ಬಾಗು ಅಡ್ಡ ಬರುವ ಮುನ್ನ ಸಂಕೇತ ತಲುಪಬಲ್ಲ ದೂರ, ಎಷ್ಟು ಕಿಲೋಮೀಟರ್ ಅನ್ನುವುದಕ್ಕೆ ಆಂಟೆನಾದ ಎತ್ತರದ ವರ್ಗಮೂಲ, ವಿಮಾನದ ಎತ್ತರದ ವರ್ಗಮೂಲ ಎರಡನ್ನೂ ಕೂಡಿ 4.12ರಿಂದ ಗುಣಿಸಬೇಕು, ಎತ್ತರ ಮೀಟರಿನಲ್ಲಿರಬೇಕು. 35,000 ಅಡಿಯಲ್ಲಿ, ಅಂದರೆ 10,668 ಮೀಟರಿನಲ್ಲಿ ಹಾರುವ ವಿಮಾನದ ಪಾಲೇ 425 ಕಿ.ಮೀ. ನೆಲದಿಂದ 12 ಮೀಟರ್ ಮೇಲಿರುವ ಆಂಟೆನಾದ ಪಾಲು ಬರೀ 14. ಕಂಬವನ್ನು ಇನ್ನೂ 8 ಮೀಟರ್ ಏರಿಸಿದರೆ ಸಿಗುವುದು ನಾಲ್ಕೇ ಕಿಲೋಮೀಟರ್! ಎತ್ತರ ಬೇಕಾಗಿರುವುದು ದಿಗಂತವನ್ನು ಹಿಗ್ಗಿಸುವುದಕ್ಕಲ್ಲ, ಅಕ್ಕಪಕ್ಕದ ಅಡ್ಡಿಗಳ ತಲೆ ದಾಟುವುದಕ್ಕೆ.

ಆ ಅಡ್ಡಿ ಎಷ್ಟು ದುಬಾರಿ ಅನ್ನುವುದಕ್ಕೂ ಲೆಕ್ಕವಿದೆ. ಪಕ್ಕದ ಕಟ್ಟಡ 15 ಮೀಟರ್ ದೂರದಲ್ಲಿದೆ, ಆಂಟೆನಾಕ್ಕಿಂತ 6 ಮೀಟರ್ ಎತ್ತರವಿದೆ ಅನ್ನಿ. ಆರನ್ನು ಹದಿನೈದರಿಂದ ಭಾಗಿಸಿದರೆ 0.4. ನಮ್ಮ ತಾರಸಿಯಿಂದ 10 ಕಿ.ಮೀ. ಮೇಲಿರುವ ವಿಮಾನ ಆ ದಿಕ್ಕಿನಲ್ಲಿ 25 ಕಿ.ಮೀ. ದಾಟಿದ ಕೂಡಲೇ ಕಟ್ಟಡದ ನೆರಳಿಗೆ ಬೀಳುತ್ತದೆ. 400 ಕಿ.ಮೀ. ಸಿಗಬೇಕಿದ್ದಲ್ಲಿ 25. ಈ ತರಂಗಾಂತರದಲ್ಲಿ ಕಾಂಕ್ರೀಟು ಗೋಡೆಯಿದ್ದಂತೆಯೇ. ನೀರು ತುಂಬಿದ ಸಿಂಟೆಕ್ಸ್ ಟ್ಯಾಂಕು, ತೆಂಗಿನ ಒದ್ದೆ ಗರಿ ಕೂಡ ಸಾಕಷ್ಟು ತಿನ್ನುತ್ತವೆ. ಅದಕ್ಕೇ ಪ್ಯಾರಾಪೆಟ್ಟಿಗೆ ಕಟ್ಟದೆ, ಮೆಟ್ಟಿಲ ಮೇಲಿನ ಕೋಣೆಯ ಗೋಡೆಗೆ ಎರಡು ಕ್ಲಾಂಪ್ ಹಾಕಿ ಪೈಪು ನಿಲ್ಲಿಸಿದೆ. ಆಂಟೆನಾದ ಬುಡ ಟ್ಯಾಂಕಿನ ಮುಚ್ಚಳಕ್ಕಿಂತ ಒಂದು ಮೀಟರ್ ಮೇಲಿದೆ.

ಬೆಂಗಳೂರಿನವರಿಗೆ ಒಂದು ಅದೃಷ್ಟವಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ತಮಿಳುನಾಡಿನ ಕಡೆ ನೆಲ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಪೂರ್ವ ದಿಕ್ಕು ತೆರೆದಿದ್ದರೆ ಚೆನ್ನೈ ಕಡೆಯ ಮೇಲ್ಮಟ್ಟದ ವಿಮಾನಗಳು ಸಲೀಸಾಗಿ ಸಿಗುತ್ತವೆ.

ಆಂಟೆನಾ ನಾನೇ ಮಾಡಿದ್ದು. 1090ಕ್ಕೆ ತರಂಗದ ಉದ್ದ 27.5 ಸೆಂ.ಮೀ., ಅದರ ಕಾಲು ಭಾಗ 69 ಮಿ.ಮೀ. ತಂತಿಯ ದಪ್ಪದ ಪರಿಣಾಮ ಕಳೆದು ನಡುವಿನ ಕಡ್ಡಿಯನ್ನು 66 ಮಿ.ಮೀ.ಗೆ ಕತ್ತರಿಸಿ, ಸಾಕೆಟ್ಟಿನ ನಡುಪಿನ್ನಿಗೆ ಬೆಸುಗೆ ಹಾಕಿದೆ. ಅಳತೆ ಶುರುವಾಗುವುದು ಬಿಳಿ ಇನ್ಸುಲೇಶನ್ನಿನ ಮೇಲ್ಮೈಯಿಂದ. ಪಿನ್ನಿನ ತುದಿಯಿಂದ ಅಳೆದರೆ ಕಡ್ಡಿ ಉದ್ದವಾಗಿಬಿಡುತ್ತದೆ. ನಾಲ್ಕು ಮೂಲೆಯ ತೂತುಗಳಿಗೆ 70 ಮಿ.ಮೀ.ನ ನಾಲ್ಕು ಕಡ್ಡಿ ಸಿಕ್ಕಿಸಿ, 45 ಡಿಗ್ರಿ ಕೆಳಕ್ಕೆ ಬಾಗಿಸಬೇಕು. ಬಾಗಿಸುವುದು ಚೆಂದಕ್ಕಲ್ಲ, ಹಾಗೆ ಮಾಡಿದರೆ ಪ್ರತಿರೋಧ 50 ಓಮಿನ ಹತ್ತಿರ ಬರುತ್ತದೆ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಸುಮಾರು 16 ಮೆಗಾಹರ್ಟ್ಸ್ ಜರುಗುತ್ತದೆ, ಈ ಮಾದರಿ ಅದನ್ನು ಸಹಿಸಿಕೊಳ್ಳುತ್ತದೆ. ಕಡ್ಡಿ ನೆಟ್ಟಗೆ ನಿಂತಿರಬೇಕು, ವಿಮಾನದ ಸಂಕೇತ ಲಂಬ ಧ್ರುವೀಕರಣದ್ದು, ಅಂದರೆ ಅದರ ತರಂಗ ಮೇಲಕ್ಕೂ ಕೆಳಕ್ಕೂ ಆಡುತ್ತದೆ.

ಕೇಬಲ್ ತುಂಡುಗಳನ್ನು ಸಾಲಾಗಿ ಬೆಸೆದು ಮಾಡುವ ಕೋಲಿನಿಯರ್ ಆಂಟೆನಾ ಯಾಕಿಲ್ಲ ಅಂದರೆ, ಅಲ್ಲಿ ಒಂದೊಂದು ತುಂಡಿನ ಉದ್ದವೂ ಕೇಬಲ್ಲಿನ ವೇಗಾಂಶದ (ಬೆಳಕಿನ ವೇಗದ ಎಷ್ಟು ಪಾಲಿನಲ್ಲಿ ಸಂಕೇತ ಕೇಬಲ್ಲಿನೊಳಗೆ ಓಡುತ್ತದೆ ಅನ್ನುವುದರ) ಮೇಲೆ ನಿಂತಿದೆ. ಗಟ್ಟಿ ಪಾಲಿಥೀನಿನ ಕೇಬಲ್ಲಿಗೆ 0.66, ಅಂದರೆ ಅರ್ಧ ತರಂಗಕ್ಕೆ 91 ಮಿ.ಮೀ.; ಫೋಮ್ ಕೇಬಲ್ಲಿಗೆ ಸುಮಾರು 0.83, ಅಂದರೆ 114 ಮಿ.ಮೀ. ಅಂಗಡಿಯ ಸುರುಳಿಯ ಮೇಲೆ ಈ ಅಂಕಿ ಅಚ್ಚಾಗಿರುವುದಿಲ್ಲ. ಅಂದಾಜಿನಲ್ಲಿ ಕತ್ತರಿಸಿದ ಎಂಟು ತುಂಡುಗಳಿಗಿಂತ ಸರಿಯಾಗಿ ಕತ್ತರಿಸಿದ ಐದು ಕಡ್ಡಿ ವಾಸಿ.

ಇನ್ನು ಕೇಬಲ್ಲು. 1000 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆರ್‌ಜಿ-58 ಅನ್ನುವ ತೆಳು ಕೇಬಲ್ಲು ಮೀಟರಿಗೆ ಅರ್ಧ ಡೆಸಿಬೆಲ್ಲಿಗೂ ಹೆಚ್ಚು ನುಂಗುತ್ತದೆ, ಟಿವಿಯವರ ಆರ್‌ಜಿ-6 ಸುಮಾರು 0.2. ಅದು 75 ಓಮಿನದು, ಡಾಂಗಲ್ಲು 50 ಓಮಿನದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ವ್ಯತ್ಯಾಸದಿಂದ ಹೋಗುವುದು 0.2 ಡೆಸಿಬೆಲ್ಲಿನೊಳಗೆ. ಹಾಗಂತ ಅದನ್ನೇ 15 ಮೀಟರ್ ಎಳೆದು ಕೆಳಗಿನ ಕೋಣೆಗೆ ತಂದರೆ 3 ಡೆಸಿಬೆಲ್, ಅಂದರೆ ಸಂಕೇತದ ಅರ್ಧ ದಾರಿಯಲ್ಲೇ ಹೋಯಿತು. ಹೀಗೆ ಕಳೆದುಹೋದದ್ದನ್ನು ಕೆಳಗೆ ಆಂಪ್ಲಿಫೈಯರ್ ಇಟ್ಟು ಮರಳಿ ಪಡೆಯಲಾಗದು, ಗದ್ದಲವೂ ಜೊತೆಗೇ ದೊಡ್ಡದಾಗುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಆಂಟೆನಾದ ಬುಡದಲ್ಲೇ, ಒಂದು ಅಡಾಪ್ಟರಿನ ಅಂತರದಲ್ಲಿ. ಪೈ, ಡಾಂಗಲ್ ಎರಡೂ ಮೆಟ್ಟಿಲ ಕೋಣೆಯ ಒಳಗೆ, ನೆರಳಿನಲ್ಲಿ. ಅಲ್ಲಿಂದ ಕೆಳಗಿನ ರೌಟರಿಗೆ ಇಳಿದಿರುವುದು ನೆಟ್‌ವರ್ಕ್ ಕೇಬಲ್ಲು, ಅದಕ್ಕೆ 100 ಮೀಟರ್ ತನಕ ಚಿಂತೆಯಿಲ್ಲ.

ಆಂಪ್ಲಿಫೈಯರಿಗೆ ಕರೆಂಟು ಹೋಗುವುದು ಅದೇ ಕೇಬಲ್ಲಿನಲ್ಲಿ, ಡಾಂಗಲ್ಲಿನ ಬಯಾಸ್-ಟೀಯಿಂದ. ಎಡವಟ್ಟು ಹೆಚ್ಚಾಗುವುದು ಇಲ್ಲೇ. ಬಯಾಸ್-ಟೀಯನ್ನು ಸಾಫ್ಟ್‌ವೇರಿನಲ್ಲಿ ಆನ್ ಮಾಡಬೇಕು, ಪೈ ಮರುಚಾಲನೆಯಾದಾಗಲೆಲ್ಲ ಅದು ತಾನಾಗಿ ಆನ್ ಆಗುವಂತೆಯೂ ಬರೆದಿಡಬೇಕು. ಇಲ್ಲದಿದ್ದರೆ ಕರೆಂಟಿಲ್ಲದ ಆಂಪ್ಲಿಫೈಯರ್ ಸಂಕೇತವನ್ನು ತಡೆದು ಕೂರುತ್ತದೆ, ಅದು ಇಲ್ಲದಿದ್ದಾಗ ಕಂಡದ್ದಕ್ಕಿಂತಲೂ ಕಡಿಮೆ ವಿಮಾನ ಕಾಣುತ್ತವೆ. ನಡುವೆ ಪ್ರತ್ಯೇಕ ಫಿಲ್ಟರನ್ನೋ ಟಿವಿ ಸ್ಪ್ಲಿಟ್ಟರನ್ನೋ ಸೇರಿಸಿದರೂ ಆ ಡಿಸಿ ಕರೆಂಟು ಅಲ್ಲೇ ನಿಂತುಬಿಡಬಹುದು. ಆಂಪ್ಲಿಫೈಯರ್ ಸಿಕ್ಕಿಸುವ ಮುನ್ನ ಕೇಬಲ್ಲಿನ ಮೇಲ್ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ, ಸುಮಾರು 4.5 ವೋಲ್ಟ್ ಇರಬೇಕು. ಇನ್ನೊಂದು: ಅಗ್ಗದ ಆರ್‌ಜಿ-6ರ ಹೊರಜಾಳಿಗೆ ಅಲ್ಯೂಮಿನಿಯಮ್ಮಿನದು, ಬೆಸುಗೆ ಕೂರುವುದಿಲ್ಲ. ಕಂಪ್ರೆಶನ್ ಮಾದರಿಯ ಎಫ್ ಕನೆಕ್ಟರೇ ಹಾಕಿಸಿ.

ಫಿಲ್ಟರು ಊರಿನಲ್ಲಿ ಐಷಾರಾಮವಲ್ಲ. 850 ಮತ್ತು 900ರ ಮೊಬೈಲ್ ಪಟ್ಟಿಗಳು 1090ರ ಮಗ್ಗುಲಲ್ಲೇ ಇವೆ, ಟವರು ಪಕ್ಕದ ಬೀದಿಯ ತಾರಸಿಯಲ್ಲಿರುತ್ತದೆ. ಡಾಂಗಲ್ಲು ಅಳೆಯುವುದು ಬರೀ 8 ಬಿಟ್ಟಿನಲ್ಲಿ. ಟವರಿನ ಅಬ್ಬರವೇ ಅದರ ಹೊಟ್ಟೆ ತುಂಬಿಸಿದರೆ 300 ಕಿ.ಮೀ. ದೂರದ ಪಿಸುಮಾತಿಗೆ ಜಾಗವೆಲ್ಲಿ? ಗೇನ್ (ಡಾಂಗಲ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಇಳಿಸಿದಾಗ ದೂರದ ವಿಮಾನ ಹೆಚ್ಚು ಕಂಡರೆ ಇದೇ ಕಾಯಿಲೆ ಅಂತ ತಿಳಿಯಿರಿ.

ಸಾಫ್ಟ್‌ವೇರಿನ ಭಾಗ ಒಂದು ಸಂಜೆಯ ಕೆಲಸ. ಪೈಗೆ ಅದರ ಆಪರೇಟಿಂಗ್ ಸಿಸ್ಟಮ್ಮಿನ ಡೆಸ್ಕ್‌ಟಾಪ್ ಇಲ್ಲದ 64 ಬಿಟ್ ಲೈಟ್ ಆವೃತ್ತಿ ಹಾಕಿ, ಸಂದೇಶ ಬಿಡಿಸಲು ರೀಡ್‌ಎಸ್‌ಬಿ ಮತ್ತು ನಕ್ಷೆಗೆ ಟಾರ್1090 ಸೇರಿಸಿದೆ. ಡಾಂಗಲ್ ಮೂಲತಃ ಟಿವಿ ನೋಡಲು ಹುಟ್ಟಿದ್ದು, ಹಾಗಾಗಿ ಲಿನಕ್ಸಿನ ಟಿವಿ ಡ್ರೈವರ್ ಅದನ್ನು ಮೊದಲೇ ಹಿಡಿದುಕೊಳ್ಳಬಹುದು. ಆ ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸಿ ಮರುಚಾಲನೆ ಮಾಡಿದರೆ ಬಿಡುತ್ತದೆ. ಪರೀಕ್ಷೆಯಲ್ಲಿ ಸ್ಯಾಂಪಲ್ ಕಳೆದುಹೋಗುತ್ತಿದೆ ಅಂತ ಬರುತ್ತಿದ್ದರೆ ಮೊದಲು ಪೈಗೆ ಕರೆಂಟು ಕೊಡುವ ಅಡಾಪ್ಟರನ್ನು ಶಂಕಿಸಿ. ಫೋನಿನ ಚಾರ್ಜರ್ ಸಾಲದು, ಪೈ 3ಬಿಗೆ 5.1 ವೋಲ್ಟ್, 2.5 ಆಂಪಿಯರಿನದು ಬೇಕು.

ಗೇನ್ ತುಂಬಾ ಏರಿಸಿದಷ್ಟೂ ಒಳ್ಳೆಯದಲ್ಲ. ಗರಿಷ್ಠ 49.6ರಿಂದ ಶುರುಮಾಡಿ ಒಂದೊಂದು ಮೆಟ್ಟಿಲು ಇಳಿಸುತ್ತಾ, ಒಂದೊಂದಕ್ಕೂ ಪೂರ್ತಿ ಒಂದು ದಿನ ಕೊಟ್ಟು ನೋಡಿದೆ. ಹತ್ತು ನಿಮಿಷದ ಹೋಲಿಕೆ ನಂಬಬಾರದು, ಮಧ್ಯಾಹ್ನದ ಸಂಚಾರವೇ ಬೇರೆ, ರಾತ್ರಿಯದೇ ಬೇರೆ. ಡಾಂಗಲ್ ಅಳೆಯಬಲ್ಲ ಗರಿಷ್ಠವನ್ನು ಸೊನ್ನೆ ಅಂದುಕೊಂಡರೆ, ಮೈನಸ್ 3 ಡೆಸಿಬೆಲ್ಲಿಗಿಂತ ಜೋರಾದ ಸಂದೇಶ ನೂರಕ್ಕೆ ಐದು ದಾಟಬಾರದು ಅನ್ನುವುದು ನನ್ನ ಅಳತೆಗೋಲು. ಆಂಪ್ಲಿಫೈಯರ್ ಇರುವ ನನ್ನ ಏರ್ಪಾಡಿನಲ್ಲಿ ಅದು 36.4ಕ್ಕೆ ಬಂದು ನಿಂತಿತು. ನಕ್ಷೆಯಲ್ಲಿ ವಿಮಾನದ ಆರಂಕಿಯ ಗುರುತು 80ರಿಂದ 83ರೊಳಗೆ ಶುರುವಾಗಿದ್ದರೆ ಆ ವಿಮಾನ ಭಾರತದಲ್ಲಿ ನೋಂದಣಿಯಾದದ್ದು.

ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್ ಮುಂತಾದ, ವಿಮಾನಗಳನ್ನು ತೋರಿಸುವ ಜಾಲತಾಣಗಳಿಗೆ ಮಾಹಿತಿ ಕಳಿಸುವುದಾದರೆ ಆಂಟೆನಾದ ಅಕ್ಷಾಂಶ ರೇಖಾಂಶವನ್ನು ಐದು ದಶಮಾಂಶದವರೆಗೆ ಕೊಡಿ. ಜಾಗ ಹೇಳದ ವಿಮಾನಗಳನ್ನು ಹಲವು ಕೇಂದ್ರಗಳಿಗೆ ಸಂಕೇತ ತಲುಪಿದ ಸಮಯದ ವ್ಯತ್ಯಾಸದಿಂದ ಹುಡುಕುತ್ತಾರೆ. ಒಂದು ಮೈಕ್ರೋಸೆಕೆಂಡು ತಪ್ಪಿದರೆ 300 ಮೀಟರ್ ತಪ್ಪಿದಂತೆ.

ಮಳೆಗಾಲದ ಸಿದ್ಧತೆಗೆ ಆತುರ ಬೇಡ. ಕನೆಕ್ಟರಿಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಕರಿ ಟೇಪು ಸುತ್ತಬೇಕು. ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಲಿ, ಆಗ ಹೆಂಚಿನ ಹಾಗೆ ನೀರು ಹೊರಕ್ಕೆ ಜಾರುತ್ತದೆ. ಹುಳಿ ವಾಸನೆಯ ಸಿಲಿಕೋನ್ ಬೇಡ, ಅದರ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎಂ-ಸೀಲ್ ಹಾಕಿದರೆ ಮತ್ತೆ ಬಿಚ್ಚುವ ಆಸೆ ಬಿಡಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಂಬಕ್ಕೂ ಕೇಬಲ್ಲಿನ ಹೊರಜಾಳಿಗೆಗೂ ಅರ್ತಿಂಗ್ ಕೊಡಿಸಿದ್ದೇನೆ, ಆದರೂ ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಕೇಬಲ್ ಕಳಚಿಡುತ್ತೇನೆ. ಮಳೆಗಾಲ ಮುಗಿದ ಮೇಲೆ ಮೇಲಿನ ಕನೆಕ್ಟರ್ ಒಮ್ಮೆ ಬಿಚ್ಚಿ ನೋಡಬೇಕು: ತಾಮ್ರ ಹಸಿರಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ. ಅದಕ್ಕೆಂದೇ ಮೇಲ್ತುದಿಯಲ್ಲಿ ಒಂದು ಮೊಳ ಕೇಬಲ್ ಹೆಚ್ಚುವರಿ ಸುತ್ತಿಟ್ಟಿದ್ದೇನೆ.