ಚಿಕ್ಕಮಗಳೂರಿನ ಮದುವೆಗೆ ಬಂದ ನೆಂಟರಿಗೆ ಗಿರಿ ತೋರಿಸುವ ಬಗೆ
ಚಿಕ್ಕಮಗಳೂರಿನಲ್ಲಿ ಮದುವೆಯಿದ್ದಾಗ ನೆಂಟರಿಗೆ ಬೆಟ್ಟ ತೋರಿಸಬೇಕೆಂದರೆ, ಮುಹೂರ್ತದ ಮರುದಿನದ ಬೆಳಗನ್ನು ಅದಕ್ಕಾಗಿಯೇ ಮೀಸಲಿಡಿ. ಕರ್ನಾಟಕದ ಅತ್ಯುನ್ನತ ಶಿಖರವಾದ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಕಾಲ್ನಡಿಗೆಯಲ್ಲಿ ಏರಬಯಸುವ ಕಿರಿಯರು ಸರ್ಪದಾರಿ ಎಂಬ ಕಾಲುಹಾದಿಯಿಂದ ಹತ್ತಲಿ. ನೆರಳು ವಿರಳವಾದ ಹುಲ್ಲುಗಾವಲಿನ ಏರಾದ್ದರಿಂದ ಬಿಸಿಲೇರುವ ಮೊದಲೇ ಹೊರಡುವುದು, ಕುಡಿಯುವ ನೀರನ್ನು ಜೊತೆಗೇ ಒಯ್ಯುವುದು ಅಗತ್ಯ. ಮಳೆಗಾಲದಲ್ಲಿ ಕಲ್ಲುಗಳು ಜಾರುತ್ತವೆ, ಇಂಬಳಗಳೂ ಹತ್ತುತ್ತವೆ. ಆಗ ಈ ಹಾದಿಯನ್ನು ಬಿಡುವುದೇ ಮೇಲು.

ಹಿರಿಯರನ್ನು ಕಾರಿನಲ್ಲಿ ಪಕ್ಕದ ಸೀತಾಳಯ್ಯನಗಿರಿ ಬೆಟ್ಟಕ್ಕೆ ಕರೆದೊಯ್ಯಿರಿ. ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಏರುವ ಆ ರಸ್ತೆಯೇ, ನನ್ನ ಮಟ್ಟಿಗೆ, ಶಿಖರಕ್ಕಿಂತ ಸುಂದರ. ತಿರುವುಗಳು ಕಿರಿದಾಗಿರುವುದರಿಂದ ದೊಡ್ಡ ಬಸ್ಸಿನ ಬದಲು ಸಣ್ಣ ವಾಹನಗಳನ್ನು, ಘಟ್ಟದ ದಾರಿ ಬಲ್ಲ ಚಾಲಕರ ಸಮೇತ ಗೊತ್ತುಮಾಡಿ. ವಾಹನ ಪ್ರವೇಶದ ನಿಯಮಗಳನ್ನು ಜಿಲ್ಲಾಡಳಿತದಿಂದ ತಿಳಿದುಕೊಂಡ ಬಳಿಕವೇ ನೆಂಟರಿಗೆ ಹೊರಡುವ ಸಮಯವನ್ನು ಹೇಳಿ.