ಯಾವ ಟೆಸ್ಟ್ ಮಾಡಬೇಕು? ಮೊದಲು ಎಷ್ಟು ಜನ ಬರುತ್ತಾರೆ ನೋಡಿ

ವೆಬ್‌ಸೈಟಿನಲ್ಲಿ ಮಾಡಿದ ಬದಲಾವಣೆಯಿಂದ ಲಾಭ ಆಯಿತಾ ಅಂತ ತಿಳಿಯೋಕೆ ಹಲವು ಥರದ ಟೆಸ್ಟ್ ಇವೆ. ಟೂಲ್‌ನಲ್ಲಿ ಏನೇನು ಆಯ್ಕೆ ಇದೆ ಅಂತ ನೋಡಿ ಟೆಸ್ಟ್ ಆರಿಸಬೇಡಿ. ಮೊದಲು ಲೆಕ್ಕ ಹಾಕಿ. ಪೇಜಿಗೆ ಬರುವ ನೂರು ಜನರಲ್ಲಿ 5 ಮಂದಿ ಸೈನ್ ಅಪ್ ಆಗುತ್ತಿದ್ದಾರೆ, ಅದು 5.5ಕ್ಕೆ ಏರಿತಾ ಅಂತ ನಿಮಗೆ ಗೊತ್ತಾಗಬೇಕು ಅಂದುಕೊಳ್ಳಿ. 16 ಅನ್ನೋ ರೂಢಿಯ ಸಂಖ್ಯೆಯನ್ನು ಸೈನ್ ಅಪ್ ಆಗುವವರ ಪಾಲು ಮತ್ತು ಆಗದವರ ಪಾಲಿನಿಂದ ಗುಣಿಸಿ, ಅಂದರೆ 16 × 0.05 × 0.95 ಮಾಡಿ, ಬಂದಿದ್ದನ್ನು ವ್ಯತ್ಯಾಸದ ವರ್ಗದಿಂದ, ಅಂದರೆ 0.005 × 0.005ರಿಂದ ಭಾಗಿಸಿ. 30,400 ಬರುತ್ತದೆ. ಎ/ಬಿ ಟೆಸ್ಟ್ ಅಂದರೆ ಬಂದವರಲ್ಲಿ ಕೆಲವರಿಗೆ ಹಳೇ ಪೇಜು (ಎ), ಉಳಿದವರಿಗೆ ಬದಲಾಯಿಸಿದ ಪೇಜು (ಬಿ) ತೋರಿಸಿ ಹೋಲಿಸೋದು. ಹೆಚ್ಚುಕಮ್ಮಿ ಅಷ್ಟು ಜನ ಎಗೆ ಬೇಕು, ಅಷ್ಟೇ ಜನ ಬಿಗೂ ಬೇಕು. ತಿಂಗಳಿಗೆ ಎರಡು ಸಾವಿರ ಜನ ಬರುವ ಸೈಟಿನಲ್ಲಿ ಈ ಎ/ಬಿ ಟೆಸ್ಟ್ ಮುಗಿಯೋಕೆ ಎರಡೂವರೆ ವರ್ಷ ಹಿಡಿಯುತ್ತದೆ! ಬಿಂಗ್ ಸರ್ಚ್ ಎಂಜಿನ್‌ನಲ್ಲಿ 2012ರಲ್ಲಿ ಜಾಹೀರಾತಿನ ಶೀರ್ಷಿಕೆ ತೋರಿಸುವ ರೀತಿ ಬದಲಾಯಿಸಿದ್ದಕ್ಕೇ ಆದಾಯ 12% ಏರಿತ್ತು, ನಿಜ, ಆದರೆ ಅಲ್ಲಿಗೆ ಬರುವ ಜನರ ಸಂಖ್ಯೆಯೇ ಬೇರೆ ಅಲ್ವಾ.

ಜನ ಕಡಿಮೆ ಇದ್ದರೆ ಬಟನ್ ಬಣ್ಣದ ಗೋಜಿಗೆ ಹೋಗಬೇಡಿ. ಐದಾರು ಬಳಕೆದಾರರನ್ನು ಕೂರಿಸಿ, ಒಂದು ಕೆಲಸ ಕೊಟ್ಟು, ಎಲ್ಲಿ ತಡವರಿಸುತ್ತಾರೆ ಅಂತ ಸುಮ್ನೆ ನೋಡಿ. ಮಧ್ಯೆ ಬಾಯಿ ಹಾಕಬೇಡಿ. ಎ/ಬಿ ಟೆಸ್ಟೇ ಬೇಕು ಅಂದರೆ ದೊಡ್ಡ ಬದಲಾವಣೆ ಮಾಡಿ: 5ರಿಂದ 6ಕ್ಕೆ ಏರುವಂಥದ್ದಾದರೆ ಒಂದೊಂದು ಗುಂಪಿಗೆ 7,600 ಜನ ಸಾಕು.

ಜನ ಇದ್ದರೆ ಬಹುತೇಕ ಎಲ್ಲದಕ್ಕೂ ಎ/ಬಿಯೇ ಸರಿ. ಯಾವ ಒಂದು ಅಂಕಿ ನೋಡಿ ತೀರ್ಮಾನ ಮಾಡುತ್ತೀರಿ ಅಂತ ಮೊದಲೇ ಬರೆದಿಡಿ. ಪೂರ್ತಿ ವಾರಗಳ ಲೆಕ್ಕದಲ್ಲಿ ಓಡಿಸಿ, ಯಾಕಂದರೆ ಭಾನುವಾರ ಬರುವವರೂ ಸೋಮವಾರ ಬರುವವರೂ ಒಂದೇ ಥರ ಇರಲ್ಲ. ದಿನಾ ಇಣುಕಿ ನೋಡಿ, ಗೆದ್ದಂತೆ ಕಂಡ ದಿನವೇ ನಿಲ್ಲಿಸಿದರೆ ಸುಳ್ಳು ಗೆಲುವುಗಳು ಜಾಸ್ತಿಯಾಗುತ್ತವೆ. ಇನ್ನೊಂದು, 50-50 ಹಂಚಿದ ಒಂದು ಲಕ್ಷ ಜನ 52-48 ಆಗಿ ಬಂದಿದ್ದರೆ ಫಲಿತಾಂಶ ನೋಡಲೇಬೇಡಿ, ಹಂಚಿಕೆಯ ಕೋಡಿನಲ್ಲೋ ಎಣಿಕೆಯಲ್ಲೋ ತಪ್ಪಿದೆ.

ಮಲ್ಟಿವೇರಿಯೇಟ್ ಟೆಸ್ಟ್, ಅಂದರೆ ಹಲವು ಬದಲಾವಣೆಗಳ ಎಲ್ಲಾ ಜೋಡಣೆಗಳನ್ನೂ ಒಟ್ಟಿಗೆ ಪರೀಕ್ಷಿಸೋದು, ಹೆಚ್ಚಿನವರಿಗೆ ಬೇಡ. ಮೂರು ಶೀರ್ಷಿಕೆ, ಎರಡು ಚಿತ್ರ, ಎರಡು ಬಟನ್ ಅಂದರೆ 12 ಜೋಡಣೆಗಳು, ಬಂದ ಜನ ಅಷ್ಟಕ್ಕೂ ಹಂಚಿಹೋಗುತ್ತಾರೆ.

ಎರಡೇ ದಿನ ಇರುವ ಆಫರ್‌ಗೆ ಬ್ಯಾಂಡಿಟ್ ಅನ್ನೋ ಥರದ ಟೆಸ್ಟ್ ಬಳಸಿ. ಚೆನ್ನಾಗಿ ಓಡುತ್ತಿರುವ ಆವೃತ್ತಿಯ ಕಡೆಗೆ ಅದು ತಾನೇ ಹೆಚ್ಚು ಜನರನ್ನು ಕಳಿಸುತ್ತದೆ. ಯಾವುದು ಎಷ್ಟು ಮೇಲು ಅನ್ನೋದು ನಿಖರವಾಗಿ ಗೊತ್ತಾಗಬೇಕಿದ್ದರೆ ಮಾತ್ರ ಅದು ಬೇಡ.

ಟ್ಯಾಕ್ಸಿ ಆ್ಯಪ್‌ನಂಥ ಕಡೆ ಒಬ್ಬರಿಗೆ ಕಾರು ಸಿಕ್ಕರೆ ಇನ್ನೊಬ್ಬರಿಗೆ ತಪ್ಪುತ್ತದೆ, ಹಾಗಾಗಿ ಎ ಗುಂಪು ಬಿ ಗುಂಪನ್ನು ಕೆಡಿಸುತ್ತದೆ. ಅಲ್ಲಿ ಜನರನ್ನು ಹಂಚಬೇಡಿ, ಹೊತ್ತನ್ನು ಹಂಚಿ: ಇಡೀ ಊರಿಗೆ ಒಂದಷ್ಟು ಗಂಟೆ ಎ, ಒಂದಷ್ಟು ಗಂಟೆ ಬಿ, ಯಾವ ಹೊತ್ತಿಗೆ ಯಾವುದು ಅನ್ನೋದನ್ನು ಚೀಟಿ ಎತ್ತಿದ ಹಾಗೆ ಆರಿಸಿ.