ಕ್ವಾರ್ಟರ್‌ಬ್ಯಾಕ್‌ಗಾಗಿ ಡ್ರಾಫ್ಟ್ ಪಿಕ್ ಕೊಟ್ಟರೆ ಗಿಟ್ಟುತ್ತದೆಯೇ?

ಷಾರ್ಲಟ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗನಿಗೆ ಆಗ ಒಂಬತ್ತು ವರ್ಷ. 2023ರ ಮಾರ್ಚ್ 11, ಶನಿವಾರ ಬೆಳಗ್ಗೆ ಮನೆ ಮುಂದಿನ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಮೈಮೇಲೆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಂಥರ್ಸ್‌ನ ನೀಲಿ ಜರ್ಸಿ. ಬೆನ್ನಿಗೆ 2ನೇ ನಂಬರು, ಅದರ ಮೇಲೆ ಮೂರ್ ಎಂದು ಹೆಸರು. ಒಗೆದು ಒಗೆದು ಅಂಕಿಯ ಅಂಚು ಎದ್ದುಬಂದಿತ್ತು. ಹಿಂದಿನ ದಿನ ಬಂದ ಸುದ್ದಿ ಇಷ್ಟು: ಡಿ.ಜೆ. ಮೂರ್ ಅವರನ್ನು ಶಿಕಾಗೋ ಬೇರ್ಸ್ ತಂಡಕ್ಕೆ ಕೊಟ್ಟುಬಿಟ್ಟಿದ್ದಾರೆ. ಅವರೊಬ್ಬರನ್ನೇ ಅಲ್ಲ, ಜೊತೆಗೆ ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನೂ, ಅಂದರೆ ಪಿಕ್‌ಗಳನ್ನೂ: ಆ ವರ್ಷದ 9ನೇ ಪಿಕ್, 61ನೇ ಪಿಕ್, 2024ರ ಮೊದಲ ರೌಂಡಿನ ಪಿಕ್, 2025ರ ಎರಡನೇ ರೌಂಡಿನ ಪಿಕ್. ಬದಲಿಗೆ ಸಿಕ್ಕಿದ್ದು ಒಂದೇ, 2023ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸುವ ಹಕ್ಕು. ಯಾರನ್ನು ಆರಿಸುತ್ತೇವೆ ಎಂದು ಆ ಹೊತ್ತಿಗೆ ತಂಡ ಹೇಳಿಯೂ ಇರಲಿಲ್ಲ.

ನಾನು ಅಮೆರಿಕಕ್ಕೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಆದರೂ ಈ ವ್ಯಾಪಾರ ತಲೆಗೆ ಹತ್ತಲಿಲ್ಲ. ಆ ಹುಡುಗನಿಗೆ ಏನು ಸಮಾಧಾನ ಹೇಳಬೇಕೆಂದೂ ತೋಚಲಿಲ್ಲ. ಆಮೇಲೆ ಪಟ್ಟಾಗಿ ಕೂತು ಕಲಿತೆ. ಹೊಸದಾಗಿ ಬಂದ ನಮ್ಮವರು ಮಾರ್ಚ್, ಏಪ್ರಿಲ್‌ನಲ್ಲಿ ಆಫೀಸಿನ ಊಟದ ಮೇಜಿನಲ್ಲಿ ಕೇಳುವುದು ಇದೇ ಮಾತು: ಒಬ್ಬ ಕ್ವಾರ್ಟರ್‌ಬ್ಯಾಕ್‌ಗಾಗಿ ಇಷ್ಟೊಂದು ಪಿಕ್ ಕೊಟ್ಟರೆ ಗಿಟ್ಟುತ್ತದೆಯೇ? ಸುಮ್ಮನೆ ತಲೆಯಾಡಿಸುವ ಬದಲು ಒಳಗಿನ ಲೆಕ್ಕ ಗೊತ್ತಿದ್ದರೆ ಈ ಆಟದ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟುತ್ತದೆ. ನನಗೆ ಹುಟ್ಟಿದ್ದು ಹಾಗೆ.

ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಮ್ಮ ಫುಟ್‌ಬಾಲ್‌ಗೆ ಇವರು ಸಾಕರ್ ಅನ್ನುತ್ತಾರೆ. ದಾಳಿ ಮಾಡುವ ಹನ್ನೊಂದು ಜನರಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಾಳಿಗಳು ಮೈಮೇಲೆ ಬೀಳುವ ಮುಂಚೆ, ಮೂರು ಸೆಕೆಂಡಿನ ಒಳಗೆ, ಯಾರಿಗೆ ಎಸೆಯಬೇಕೆಂದು ಅವನೇ ತೀರ್ಮಾನಿಸಬೇಕು. ಯಕ್ಷಗಾನದ ಭಾಗವತರನ್ನು ನೆನೆಸಿಕೊಳ್ಳಿ. ಇಡೀ ಪ್ರಸಂಗ ಅವರ ತಾಳದ ಮೇಲೆ ನಡೆಯುತ್ತದೆ. ಆದರೆ ಚೆಂಡೆ, ಮದ್ದಳೆ, ವೇಷಧಾರಿಗಳು ಕೈಕೊಟ್ಟರೆ ಎಂಥ ಭಾಗವತರೂ ಆಟ ಕಳೆಗಟ್ಟಿಸಲಾರರು. ಈ ಎರಡನೆಯ ಮಾತನ್ನು ಮರೆಯಬೇಡಿ. ಪಿಕ್ ವ್ಯಾಪಾರದ ಸೋಲು ಗೆಲುವೆಲ್ಲ ಅಲ್ಲೇ ಇದೆ.

ಐಪಿಎಲ್ ಹರಾಜು ನೋಡಿದ ಕಣ್ಣಿಗೆ ಡ್ರಾಫ್ಟ್ ವಿಚಿತ್ರವಾಗಿ ಕಾಣುತ್ತದೆ. ಹರಾಜಿನಲ್ಲಿ ಬೇಕು ಅಂದವರು ದುಡ್ಡು ಏರಿಸುತ್ತಾ ಹೋಗಬಹುದು. 2025ರ ಐಪಿಎಲ್‌ಗೆ ರಿಷಭ್ ಪಂತ್ ಅವರನ್ನು 27 ಕೋಟಿಯವರೆಗೆ ಕೂಗಿದ್ದು ಹಾಗೆ. ಇಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕೂಗುವುದೇ ಇಲ್ಲ. 32 ತಂಡ, 7 ರೌಂಡು, ಏಪ್ರಿಲ್ ಕೊನೆಗೆ ಮೂರು ದಿನ. ಕಾಲೇಜು ತಂಡಗಳಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸುತ್ತವೆ. ಹೋದ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದವರಿಗೆ ಕೊನೆಯ ಸರದಿ. ಆ ಒಂದೊಂದು ಸರದಿಯೇ ಪಿಕ್. ಸರದಿಯನ್ನು ಮಾರಬಹುದು, ಕೊಳ್ಳಬಹುದು. ಇನ್ನೂ ಬಾರದ ವರ್ಷದ ಸರದಿಯನ್ನೂ ಕೊಡಬಹುದು.

ಮೊದಲ ಪಿಕ್‌ಗೆ ಇಷ್ಟು ಬಾಯಿಬಿಡುವುದಕ್ಕೆ ದುಡ್ಡಿನ ಕಾರಣವೂ ಒಂದಿದೆ. 2010ರಲ್ಲಿ ಮೊದಲ ಪಿಕ್ ಆಗಿ ಬಂದ ಸ್ಯಾಮ್ ಬ್ರ್ಯಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಪಡೆದರು. ಒಂದು ಪಂದ್ಯವನ್ನೂ ಆಡುವ ಮೊದಲೇ 5 ಕೋಟಿ ಖಾತ್ರಿ. 2011ರಲ್ಲಿ ಆಟಗಾರರ ಸಂಘ ಮತ್ತು ಲೀಗ್ ನಡುವೆ ಹೊಸ ಒಪ್ಪಂದವಾಗಿ, ಯಾವ ಸರದಿಗೆ ಎಷ್ಟು ಸಂಬಳ ಎಂದು ಕಟ್ಟುಮಾಡಿದರು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್ ಮಾತ್ರ. ಅದೇ, ಬೆಳೆದು ಹೆಸರು ಮಾಡಿದ ಕ್ವಾರ್ಟರ್‌ಬ್ಯಾಕ್ ಬೇಕೆಂದರೆ ಕೇಳಿ: 2024ರಲ್ಲಿ ಡ್ಯಾಲಸ್ ತಂಡ ಡ್ಯಾಕ್ ಪ್ರೆಸ್ಕಾಟ್ ಅವರಿಗೆ ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಿತು. ಒಂದು ತಂಡದ ಎಲ್ಲ ಆಟಗಾರರ ಸಂಬಳಕ್ಕೂ ಸೇರಿ ಮಿತಿ ಇದೆ, ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2025ರಲ್ಲಿ ಅದು 27.92 ಕೋಟಿ. ಅಂದರೆ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಡ್ರಾಫ್ಟ್‌ನಲ್ಲಿ ಸಿಕ್ಕರೆ ನಾಲ್ಕು ವರ್ಷ, ಮೊದಲ ರೌಂಡಿನವನಾದರೆ ತಂಡ ಬಯಸಿದರೆ ಐದು ವರ್ಷ, ಅಗ್ಗದಲ್ಲಿ ಆಡುತ್ತಾನೆ. ಉಳಿದ ದುಡ್ಡಿನಲ್ಲಿ ಅವನ ಸುತ್ತ ತಂಡ ಕಟ್ಟಬಹುದು.

ಪಿಕ್‌ಗಳಿಗೆ ಬೆಲೆ ಕಟ್ಟುವ ಒಂದು ಪಟ್ಟಿ ಇದೆ. 1990ರ ದಶಕದ ಆರಂಭದಲ್ಲಿ ಡ್ಯಾಲಸ್ ತಂಡದವರು ಮಾಡಿಕೊಂಡದ್ದು. ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲೇ ಇವತ್ತಿಗೂ ಓಡುತ್ತಿದೆ. 1ನೇ ಪಿಕ್‌ಗೆ 3000 ಅಂಕ, 2ನೆಯದಕ್ಕೆ 2600, 10ನೆಯದಕ್ಕೆ 1300, 27ನೆಯದಕ್ಕೆ 680. ಕೈಯಾರೆ ಒಂದು ಲೆಕ್ಕ ಹಾಕಿ ನೋಡಿ. 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಕೈಲಿದ್ದದ್ದು 27ನೇ ಪಿಕ್. ಬಫಲೋ ತಂಡದ 10ನೇ ಪಿಕ್ ಬೇಕಿತ್ತು. 27ನೆಯದನ್ನು ಕೊಟ್ಟರು, 136 ಅಂಕ ಬೆಲೆಯ 91ನೆಯದನ್ನೂ ಕೊಟ್ಟರು. ಒಟ್ಟು 816. ಇನ್ನೂ 484 ಕಡಿಮೆ ಬಿತ್ತು. ಅದನ್ನು ತುಂಬಿಸಲು 2018ರ ಮೊದಲ ರೌಂಡಿನ ಪಿಕ್ ಬರೆದುಕೊಟ್ಟರು. ಹಾಗೆ ಬಂದವರು ಪ್ಯಾಟ್ರಿಕ್ ಮಹೋಮ್ಸ್. 2020, 2023, 2024, ಮೂರು ಫೆಬ್ರುವರಿಗಳಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟರು.

ಮುಂದಿನ ವರ್ಷದ ಪಿಕ್‌ಗೆ ಬೆಲೆ ಕಟ್ಟುವ ಪದ್ಧತಿ ನಮಗೆ ಹೊಸದಲ್ಲ. ಊರಲ್ಲಿ ಚೀಟಿ ಹಾಕಿದವರಿಗೆ ಗೊತ್ತು. ಮೊದಲ ತಿಂಗಳುಗಳಲ್ಲೇ ದುಡ್ಡು ಬೇಕೆಂದವರು ಹೆಚ್ಚು ಕೂಗಿ, ದೊಡ್ಡ ಮೊತ್ತ ಬಿಟ್ಟುಕೊಟ್ಟು ಚೀಟಿ ಎತ್ತಬೇಕು. ಕಾದವರಿಗೆ ಪೂರ್ತಿ ಸಿಗುತ್ತದೆ. ಇಲ್ಲಿಯೂ ಹಾಗೆಯೇ, ಮುಂದಿನ ವರ್ಷದ ಮೊದಲ ರೌಂಡನ್ನು ಈ ವರ್ಷದ ಎರಡನೇ ರೌಂಡಿಗೆ ಸಮ ಎಂದು ಹಿಡಿಯುವ ರೂಢಿ ಇದೆ. ಬಡ್ಡಿ ಬಲು ದುಬಾರಿ. ಜನರಲ್ ಮ್ಯಾನೇಜರ್ ಈ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷ ಅವರೇ ಇರುವುದಿಲ್ಲ. ಹಾಗಾಗಿ ಆ ಬಡ್ಡಿಯನ್ನು ಅವರು ಒಪ್ಪುತ್ತಾರೆ, ತೀರಿಸುವುದು ಊರಿನ ಅಭಿಮಾನಿಗಳು.

ಕೇಡ್ ಮ್ಯಾಸಿ ಮತ್ತು ಆಮೇಲೆ ನೊಬೆಲ್ ಪಡೆದ ರಿಚರ್ಡ್ ಥೇಲರ್, ಇಬ್ಬರು ವಿದ್ವಾಂಸರು ಇದನ್ನು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆರಿಸಿದವನು ಅವನ ಹಿಂದೆಯೇ ಬಂದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ತಂಡಗಳು ತಮ್ಮ ಕಣ್ಣನ್ನು ಅತಿಯಾಗಿ ನಂಬುತ್ತವೆ, ಮೇಲಿನ ಪಿಕ್‌ಗೆ ಅತಿಯಾಗಿ ಕೊಡುತ್ತವೆ ಎಂದೇ ಅವರ ತೀರ್ಮಾನ. ನಾನು ಇದನ್ನು ಒಪ್ಪುತ್ತೇನೆ. ಹಾಗೆಂದು ಪಿಕ್ ಮಾರಿ ಗುಡ್ಡೆ ಹಾಕಿಕೊಂಡವರೇ ಜಾಣರು ಎಂದೂ ಹೇಳಲಾರೆ. ಅದಕ್ಕೆ ಕಾರಣ ರ‍್ಯಾಮ್ಸ್ ತಂಡದ ಕಥೆ.

2012ರಲ್ಲಿ ರ‍್ಯಾಮ್ಸ್ ಸೇಂಟ್ ಲೂಯಿಸ್‌ನಲ್ಲಿತ್ತು. ತಮ್ಮ 2ನೇ ಪಿಕ್ ಅನ್ನು ವಾಷಿಂಗ್ಟನ್‌ಗೆ ಮಾರಿದರು. ವಾಷಿಂಗ್ಟನ್ ಕೊಟ್ಟದ್ದು 6ನೇ ಪಿಕ್, ಆ ವರ್ಷದ ಎರಡನೇ ರೌಂಡು, 2013 ಮತ್ತು 2014ರ ಮೊದಲ ರೌಂಡುಗಳು. ಅವರಿಗೆ ಬೇಕಿದ್ದವರು ರಾಬರ್ಟ್ ಗ್ರಿಫಿನ್. ಮೊದಲ ವರ್ಷ ಹುಡುಗ ಮಿಂಚಿದರು, ದಾಳಿಯ ವಿಭಾಗದಲ್ಲಿ ಆ ವರ್ಷದ ಶ್ರೇಷ್ಠ ಹೊಸಬ ಎನಿಸಿಕೊಂಡರು. 2013ರ ಜನವರಿಯಲ್ಲಿ ಸಿಯಾಟಲ್ ವಿರುದ್ಧ ಆಡುವಾಗ ಮಂಡಿ ಹೋಯಿತು, ಆ ಆಟ ಮತ್ತೆ ಬರಲಿಲ್ಲ. ಮುಂದೆ 2014ರ ಡಿಸೆಂಬರ್‌ನಲ್ಲಿ ಎರಡೂ ತಂಡ ಎದುರಾದಾಗ ರ‍್ಯಾಮ್ಸ್ ಕೋಚ್ ಜೆಫ್ ಫಿಷರ್, ಆ ವ್ಯಾಪಾರದಿಂದ ಬಂದ ಆರು ಆಟಗಾರರನ್ನೇ ಟಾಸ್‌ಗೆ ನಾಯಕರಾಗಿ ಕಳಿಸಿದರು. ಪಂದ್ಯವನ್ನೂ 24-0ರಿಂದ ಗೆದ್ದರು. ನೋಡಿದವರಿಗೆ ರ‍್ಯಾಮ್ಸ್ ದೊಡ್ಡ ಲಾಭ ಮಾಡಿಕೊಂಡ ಹಾಗೆ ಕಾಣಿಸಿತು. ಆದರೆ 2012ರಿಂದ 2016ರವರೆಗೆ ಒಂದು ವರ್ಷವೂ ಆ ತಂಡ ಸೋತದ್ದಕ್ಕಿಂತ ಹೆಚ್ಚು ಗೆಲ್ಲಲಿಲ್ಲ. ಚೆಂಡೆ ಮದ್ದಳೆ ಎಲ್ಲ ಕೂಡಿತು, ಭಾಗವತರೇ ಇರಲಿಲ್ಲ. ಕೊನೆಗೆ 2016ರಲ್ಲಿ ಅದೇ ರ‍್ಯಾಮ್ಸ್ ತಮ್ಮ ಪಿಕ್‌ಗಳ ರಾಶಿಯನ್ನು ಟೆನೆಸಿಗೆ ಸುರಿದು 1ನೇ ಸರದಿಗೆ ಏರಿ ಜ್ಯಾರೆಡ್ ಗಾಫ್ ಅವರನ್ನು ತಂದರು.

ಗಾಫ್ ಸೂಪರ್ ಬೌಲ್‌ವರೆಗೆ ಕರೆದುಕೊಂಡು ಹೋದರೂ ತಂಡಕ್ಕೆ ತೃಪ್ತಿಯಾಗಲಿಲ್ಲ. 2021ರಲ್ಲಿ ಅವರನ್ನೂ, ಮೂರನೇ ರೌಂಡಿನ ಒಂದು ಪಿಕ್ಕನ್ನೂ, ಮುಂದಿನ ಎರಡು ವರ್ಷಗಳ ಮೊದಲ ರೌಂಡನ್ನೂ ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ಕರೆತಂದರು. ಡೆಟ್ರಾಯಿಟ್‌ನಲ್ಲಿ ಹನ್ನೆರಡು ಸೀಸನ್ ಆಡಿಯೂ ಒಂದು ಪ್ಲೇಆಫ್ ಪಂದ್ಯ ಗೆಲ್ಲದಿದ್ದ ಮನುಷ್ಯ. ರ‍್ಯಾಮ್ಸ್‌ನಲ್ಲಿ ಆಗಲೇ ಆರನ್ ಡೊನಾಲ್ಡ್ ಇದ್ದರು, ಜೇಲನ್ ರ‍್ಯಾಮ್ಸಿ ಇದ್ದರು, ಕೂಪರ್ ಕಪ್ ಇದ್ದರು, ಮೂವರೂ ಹೆಸರಾಂತ ಆಟಗಾರರು. ಮೊದಲ ವರ್ಷವೇ ಸೂಪರ್ ಬೌಲ್ ಬಂತು. ಇತ್ತ ಡೆಟ್ರಾಯಿಟ್ ಗಾಫ್ ಅವರನ್ನೇ ನಂಬಿ, ಬಂದ ಪಿಕ್‌ಗಳನ್ನು ತಾಳ್ಮೆಯಿಂದ ಬಿತ್ತಿ ತಂಡ ಬೆಳೆಸಿತು. 2024ರ ಜನವರಿಯಲ್ಲಿ ಪ್ಲೇಆಫ್‌ನಲ್ಲಿ ಸ್ಟ್ಯಾಫರ್ಡ್ ಎದುರೇ ಆಡಿ 24-23ರಿಂದ ಗೆದ್ದಿತು. ಆ ತಂಡಕ್ಕೆ 32 ವರ್ಷಗಳಲ್ಲಿ ಅದೇ ಮೊದಲ ಪ್ಲೇಆಫ್ ಗೆಲುವು. ಕೊಟ್ಟವರಿಗೂ ಕೊಂಡವರಿಗೂ ಗಿಟ್ಟಿದ ವ್ಯಾಪಾರ ನನಗೆ ಕಂಡಂತೆ ಇದು.

ಸ್ಯಾನ್ ಫ್ರಾನ್ಸಿಸ್ಕೊ ತಂಡ 2021ರಲ್ಲಿ ಮೂರು ವರ್ಷಗಳ ಮೊದಲ ರೌಂಡನ್ನೂ ಮೂರನೇ ರೌಂಡಿನ ಒಂದು ಪಿಕ್ಕನ್ನೂ ಕೊಟ್ಟು 3ನೇ ಸರದಿಗೆ ಏರಿ ಟ್ರೇ ಲ್ಯಾನ್ಸ್ ಅವರನ್ನು ಆರಿಸಿತು. ಅಲ್ಲಿ ಅವರು ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ. ತಂಡವನ್ನು ಸೂಪರ್ ಬೌಲ್‌ಗೆ ಒಯ್ದವರು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್ ಬ್ರಾಕ್ ಪರ್ಡಿ. ಸುತ್ತಲಿನ ತಂಡ ಗಟ್ಟಿಯಿದ್ದುದರಿಂದ ಆ ಪೆಟ್ಟು ತಡೆದುಕೊಂಡಿತು. ಡೆನ್ವರ್ 2022ರಲ್ಲಿ ರಸೆಲ್ ವಿಲ್ಸನ್ ಅವರಿಗಾಗಿ ಎರಡು ಮೊದಲ ರೌಂಡು, ಎರಡು ಎರಡನೇ ರೌಂಡು, ಮೂವರು ಆಟಗಾರರನ್ನು ಕೊಟ್ಟಿತು. ಎರಡೇ ವರ್ಷದಲ್ಲಿ ಅವರನ್ನು ಬಿಟ್ಟುಕಳಿಸಿ, ಆಟಗಾರ ಹೋದರೂ ಕ್ಯಾಪ್‌ನಲ್ಲಿ ಎಣಿಸಲೇಬೇಕಾದ ಸುಮಾರು 8.5 ಕೋಟಿ ಡಾಲರ್ ಸತ್ತ ಲೆಕ್ಕವನ್ನು ಹೊತ್ತಿತು.

ಈಗ ನಮ್ಮೂರಿಗೆ ಬರುತ್ತೇನೆ. ಪ್ಯಾಂಥರ್ಸ್ ಆ ಮೊದಲ ಸರದಿಯಲ್ಲಿ ಬ್ರೈಸ್ ಯಂಗ್ ಅವರನ್ನು ಆರಿಸಿತು. ಎಸೆದದ್ದನ್ನು ಹಿಡಿಯಬಲ್ಲ ಮೂರ್ ಅವರನ್ನು ಆಗಲೇ ಕೊಟ್ಟಾಗಿತ್ತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಟಗಾರರ ಸಾಲು ತೂತುಬಿದ್ದಿತ್ತು. ಆ ಸೀಸನ್‌ನಲ್ಲಿ ಎದುರಾಳಿಗಳು ಆ ಹುಡುಗನನ್ನು 62 ಸಲ ಕೆಡವಿದರು. ಸ್ಟೇಡಿಯಂನಲ್ಲಿ ಕೂತು ನೋಡಿದ ಒಂದು ಪಂದ್ಯದಲ್ಲಿ ಅವರು ಕೆಳಗೆ ಬಿದ್ದ ಮೇಲೆ ಹೆಲ್ಮೆಟ್ಟಿನ ಜಾಲರಿಯಲ್ಲಿ ಸಿಕ್ಕಿಕೊಂಡ ಕೃತಕ ಹುಲ್ಲಿನ ಚೂರು ಕೀಳುತ್ತಾ, ಮತ್ತೆ ಸಾಲಿಗೆ ಹೋಗಿ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ತಪ್ಪು ಅವರದು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ತಂಡ 17ರಲ್ಲಿ ಎರಡೇ ಪಂದ್ಯ ಗೆದ್ದಿತು, ಎಲ್ಲರಿಗಿಂತ ಕೊನೆ. ಅಂದರೆ 2024ರ 1ನೇ ಪಿಕ್ ನಮ್ಮದಾಗಬೇಕಿತ್ತು. ಅದನ್ನು ಬರೆದುಕೊಟ್ಟಾಗಿತ್ತು. ಶಿಕಾಗೋ ಅದರಲ್ಲಿ ಕೇಲಬ್ ವಿಲಿಯಮ್ಸ್ ಅವರನ್ನು ಆರಿಸಿಕೊಂಡಿತು. ಅಲ್ಲಿಗೆ ಹೋದ ಮೂರ್ 2023ರಲ್ಲಿ ಚೆಂಡು ಹಿಡಿದು 1,364 ಯಾರ್ಡ್ ಮುನ್ನಡೆ ಗಳಿಸಿದ್ದರು.

ಹಾಗಾದರೆ ಗಿಟ್ಟುತ್ತದೆಯೇ? ಇಂಥ ಸುದ್ದಿ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಹುಡುಗ ಎಷ್ಟು ಚೆನ್ನಾಗಿ ಎಸೆಯುತ್ತಾನೆ ಎಂದಲ್ಲ. ಹೋದ ವರ್ಷ ಈ ತಂಡ ಎಷ್ಟು ಗೆದ್ದಿತ್ತು ಎಂದು. ಕ್ಯಾನ್ಸಸ್ ಸಿಟಿ 2016ರಲ್ಲಿ 12 ಪಂದ್ಯ ಗೆದ್ದ ತಂಡ. ಅಲೆಕ್ಸ್ ಸ್ಮಿತ್ ಎಂಬ ಅನುಭವಿ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದರು. ಮಹೋಮ್ಸ್ ಮೊದಲ ವರ್ಷವೆಲ್ಲ ಹೆಚ್ಚಾಗಿ ಬೆಂಚಿನಲ್ಲಿ ಕೂತು ನೋಡಿ ಕಲಿತರು. ಅಂಥ ತಂಡ ಕೊಟ್ಟ ಮುಂದಿನ ವರ್ಷದ ಪಿಕ್ ಪಟ್ಟಿಯ ಕೆಳಗೇ ಬೀಳುತ್ತದೆ, ಕಳೆದುಕೊಳ್ಳುವುದು ಕಡಿಮೆ. ಬರಿಗೈ ತಂಡ ಕೊಡುವ ಪಿಕ್ ಮಾತ್ರ ಮೇಲೆ ಮೇಲೆ ಬರುತ್ತದೆ. ಒಂದು ವರ್ಷದ ಪಿಕ್ ಕೊಟ್ಟು ಹತ್ತು ಹದಿನೈದು ಸರದಿ ಏರುವುದನ್ನು ನಾನು ಒಪ್ಪುತ್ತೇನೆ. ಪಳಗಿದ ಆಟಗಾರನಿಗಾಗಿ ಎರಡು ವರ್ಷದ ಪಿಕ್ ಕೊಡುವುದನ್ನೂ, ಉಳಿದ ತಂಡ ತಯಾರಿದ್ದರೆ, ಒಪ್ಪುತ್ತೇನೆ. ಬುಡದಲ್ಲಿರುವ ತಂಡ ಬೀಜದ ಭತ್ತವನ್ನೇ ಮಾರಿ ಎತ್ತು ಕೊಳ್ಳುವುದನ್ನು ಒಪ್ಪಲಾರೆ. ಎತ್ತು ಎಷ್ಟೇ ಚೆನ್ನಾಗಿರಲಿ, ಬಿತ್ತುವುದೇನನ್ನು?

2025ರ ಏಪ್ರಿಲ್ 25, ಶುಕ್ರವಾರ ರಾತ್ರಿ ಪಕ್ಕದ ಮನೆಯವರು ಡ್ರಾಫ್ಟ್ ನೋಡಲು ಕರೆದಿದ್ದರು. ನಾನು ಮನೆಯಲ್ಲಿ ಮಾಡಿದ ಚಕ್ಕುಲಿ ತೆಗೆದುಕೊಂಡು ಹೋಗಿದ್ದೆ. 39ನೇ ಸರದಿ ಬಂತು. ನಮ್ಮದಾಗಬೇಕಿದ್ದ ಎರಡನೇ ರೌಂಡಿನ ಪಿಕ್, ಆ ವ್ಯಾಪಾರದ ಕೊನೆಯ ಕಂತು. ಶಿಕಾಗೋ ಲೂಥರ್ ಬರ್ಡನ್ ಎಂಬ ಹುಡುಗನನ್ನು ಆರಿಸಿತು. ಆಡುವ ಜಾಗ ಮೂರ್ ಅವರದ್ದೇ, ರಿಸೀವರ್. ಈಗ ಹನ್ನೊಂದಕ್ಕೆ ಬಂದಿದ್ದ ಪಕ್ಕದ ಮನೆಯ ಹುಡುಗ ಚಕ್ಕುಲಿ ಮುರಿಯುತ್ತಾ ಬೆರಳೆಣಿಸಿ ಹೇಳಿದ: "ಇಲ್ಲಿಗೆ ಮುಗೀತು. ಮುಂದಿನ ವರ್ಷದ ಪಿಕ್ ಎಲ್ಲ ನಮ್ಮದೇ."